ಆಮೆಯನ್ನು ಬಳಸಿ ಹೋದ ತಂತಿ

ಟ್ಯೂಸಾನ್, ಜೂನ್. ಬೆಳಿಗ್ಗೆ ಏಳಕ್ಕೇ
ಸ್ಕ್ರೂಡ್ರೈವರಿನ ಹಿಡಿ ಕೈ ಸುಡುತ್ತದೆ.
ವರ್ನಾ ಸ್ಟೋಕ್ಲಿಯ ಹಿತ್ತಲಲ್ಲಿ
ಹತ್ತು ಮೂಟೆ ಉಪ್ಪು, ಗೋಡೆಗೊರಗಿ,
ಬಸ್ಸಿಗೆ ಕಾದು ಸುಸ್ತಾದವರ ಹಾಗೆ.

ಕ್ಲೋರಿನ್ ಗುಳಿಗೆಯ ಸಹವಾಸ ಸಾಕಂತೆ ಅವಳಿಗೆ.
ಕಣ್ಣುರಿ, ತುರಿಕೆ, ಬಣ್ಣಗೆಟ್ಟ ಈಜುಡುಗೆ.
ಇನ್ನು ಮೇಲೆ ಕೊಳವೇ
ತನ್ನ ಮದ್ದು ತಾನೇ ಅರೆದುಕೊಳ್ಳಲಿ.

ಕೆಲಸ ಸುಲಭ: ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಗೋಡೆಗೆ,
ಸೆಲ್ಲು ಪಂಪಿನಾಚೆಯ ಪೈಪಿಗೆ,
ನಡುವೆ ಒಂದು ತಂತಿ.
ಕಂಪನಿಯವರು ಕೊಟ್ಟದ್ದು ಹದಿನೈದು ಅಡಿ.
ನಾನು ಅಳೆದದ್ದು ಇಪ್ಪತ್ತನಾಲ್ಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು
ಹಾಸಿಗೆ ಮೇಲೆ ಮಲಗುವವರಿಗೆ.
ನಾವು, ಹಾಸಿಗೆಗೆ ತುಂಡು ಹೊಲಿದು
ಕೂಲಿ ಎಣಿಸಿಕೊಳ್ಳುವ ಜಾತಿ.

"ಪೆಟ್ಟಿಗೆಯನ್ನೇ ಈಚೆ ತಂದುಬಿಡು, ರೊಸಾಲ್ಬಾ."
ನೀರಿಗೆ ಅಷ್ಟು ಹತ್ತಿರ ಕರೆಂಟನ್ನು ಕೂರಿಸಲು
ಕಾನೂನೂ ಒಪ್ಪುವುದಿಲ್ಲ, ನನ್ನ ಕೈಯೂ.

ಗುದ್ದಲಿ ಎತ್ತಿದೆ.
"ಅಲ್ಲಿ ಬೇಡ!"

ನೇರ ದಾರಿಯ ನಟ್ಟನಡುವೆ, ಕಳ್ಳಿಯ ಬುಡದಲ್ಲಿ,
ಅರ್ಧಚಂದ್ರದಂಥ ಒಂದು ಬಾಯಿ.
ಒಳಗೆ ಸೆನೆಟರ್, ಮರುಭೂಮಿಯ ಆಮೆ.
ಮನೆ ಕೊಂಡಾಗ ಮನೆಯ ಜೊತೆಗೇ ಬಂದವನು,
ಮಳೆ ಬೀಳುವತನಕ ಹೊರಗೆ ತಲೆ ಹಾಕದವನು.

ಬಳಸಿ ಹೋಗಬೇಕು ಅಂದರೆ ಇನ್ನೂ ಏಳು ಅಡಿ.
ಒಟ್ಟು ಹದಿನಾರು.

ತಂತಿಯ ಲೆಕ್ಕ ಉಲ್ಟಾ ಲೆಕ್ಕ:
ಅಂಕಿ ಇಳಿದಷ್ಟೂ ತಂತಿ ದಪ್ಪ.
ಹದಿನಾಲ್ಕರ ನಂಬರಿನದು ಬೇಡ, ಹತ್ತರದು ಬೇಕು;
ಸಪೂರ ತಂತಿ ದೂರ ನಡೆದರೆ
ತಾನೇ ಬಿಸಿಯಾಗಿ, ಹೊತ್ತದ್ದನ್ನು ದಾರಿಯಲ್ಲೇ ತಿಂದುಬಿಡುತ್ತದೆ.

ಬ್ರೇಕರ್ ಇಳಿಸಿದೆ. ಇಳಿದಿದೆಯೇ ಎಂದು
ಮೀಟರಿಟ್ಟು ನೋಡಿದೆ. ಮತ್ತೆ ನೋಡಿದೆ.
(ನನ್ನ ಮಾವ ಎವಾರಿಸ್ಟೊ ಒಂದೇ ಸಲ ನೋಡುತ್ತಿದ್ದ.
ಅವನ ಬಲಗೈಯಲ್ಲಿ ಮೂರು ಬೆರಳು.)
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು,
ಹೆಣೆದು, ಬೆಸೆದು, ಕೊಳವೆ ತೊಡಿಸಿ
ಬಿಸಿ ಗಾಳಿ ಊದಿದಾಗ ಅದು
ಮುದುಡಿ, ಗಂಟನ್ನು ಅಪ್ಪಿಕೊಂಡಿತು.
ಗಂಟು ಮಣ್ಣಿನೊಳಗಲ್ಲ, ಮುಚ್ಚಳ ತೆಗೆದರೆ ಕಾಣುವ ಡಬ್ಬಿಯೊಳಗೆ.
ತಪ್ಪು ಯಾವಾಗಲೂ ಕೈಗೆ ಸಿಗುವ ಹಾಗಿರಬೇಕು.

ನೆರಳಲ್ಲಿ ಕೂತು ವರ್ನಾ ಹೇಳಿದಳು:
ಇಪ್ಪತ್ತಾರು ವರ್ಷ ಕೌಂಟಿಯ ತುರ್ತು ಕರೆ ಎತ್ತಿದವಳು.
ಹೆಸರು ಕೇಳುತ್ತಿರಲಿಲ್ಲ, ಏನಾಯಿತೆಂದೂ.
ಮೊದಲ ಪ್ರಶ್ನೆ ವಿಳಾಸ.
"ಲೈನು ಯಾವಾಗ ಕಡಿಯುತ್ತೋ ಗೊತ್ತಿಲ್ಲವಲ್ಲ.
ಹೆಸರಿಲ್ಲದವರ ಮನೆಗೂ ಗಾಡಿ ಹೋಗುತ್ತೆ,
ವಿಳಾಸ ಇಲ್ಲದವರ ಮನೆಗೆ..."
ಮುಗಿಸಲಿಲ್ಲ. ನಿಂಬೆಪಾನಕದ ಐಸು ಅಲುಗಿಸಿದಳು.

ಮೂಟೆ ಬಿಚ್ಚಿ ಸುರಿದೆವು. ಕೊಳ ಮಂಜುಮಂಜಾಗಿ
ಮಾರನೇ ದಿನದ ಹೊತ್ತಿಗೆ ತಿಳಿಯಾಯಿತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಉಪ್ಪು ತಿಂದ ನೀರು?
ಸೆಲ್ಲಿನ ಗಾಜಿನೊಳಗೆ ಸಾಸಿವೆಯಷ್ಟು ಗುಳ್ಳೆ ಎದ್ದವು,
ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಏಳುವ ಹಾಗೆ.
ಉಪ್ಪು ಒಡೆದು ಕ್ಲೋರಿನ್ ಆಗುತ್ತದೆ,
ಕೊಳೆ ತೊಳೆದು ಮತ್ತೆ ಉಪ್ಪಾಗುತ್ತದೆ;
ಇಂಥ ಕೆಲಸ ನನಗೆ ಇನ್ನೂ ಸಿಕ್ಕಿಲ್ಲ.

ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕೂವರೆ ವೋಲ್ಟು,
ಆ ತುದಿಯಲ್ಲಿ ಇಪ್ಪತ್ತನಾಲ್ಕು.
"ಆ ಅರ್ಧ ಎಲ್ಲಿ ಹೋಯಿತು?"
ದಾರಿಖರ್ಚು, ಎಂದೆ.
ಬಿಲ್ಲಿನಲ್ಲಿ ಬಳಸಿದ ಏಳು ಅಡಿ ಬರೆದಿರಲಿಲ್ಲ.
ಅವಳೇ ಪೆನ್ನು ತಂದು ಸೇರಿಸಿದಳು:
ಸೆನೆಟರನ ಖಾತೆಗೆ.

ಜುಲೈ. ಒಂದು ಸಂಜೆ ಧೂಳೆದ್ದು,
ಆಮೇಲೆ ಹನಿ, ಬಾಣಲೆಗೆ ಬಿದ್ದಂತೆ.
ಫೋನು. ಎತ್ತಿದೆ.
ಹಲೋ ಇಲ್ಲ, ಹೆಸರಿಲ್ಲ.
"ನಾನ್ನೂರ ಹನ್ನೆರಡು, ಪಾಲೋ ವೆರ್ಡೆ ಓಣಿ," ಅಂದಿತು ದನಿ.
ನನ್ನೆದೆ ಧಸಕ್ಕೆಂದಿತು.
ಮಳೆಯ ಸದ್ದು. ಒಂದು ಉಸಿರು.
"ಹೊರಗೆ ಬಂದಿದ್ದಾನೆ. ನೀನು ಮುಚ್ಚಿದ ಮಣ್ಣಿನ ಮೇಲೆ ನಿಂತು
ನೀರು ಕುಡಿಯುತ್ತಿದ್ದಾನೆ."